ಛಲವಿದೆ, ದಾರಿ ಬೇಕು: ಬಳ್ಳಾರಿ ಸೀಮೆಯ ವಿದ್ಯಾರ್ಥಿಗಳ ಭರವಸೆ ಮತ್ತು ಆತ್ಮಗೌರವ

ಭರವಸೆ ಮತ್ತು ಆತ್ಮಗೌರವ ವಿದ್ಯಾರ್ಥಿ ಜೀವನದಲ್ಲಿ ಒಂದರ ಬೆನ್ನಿಗೆ ಒಂದು ಬರುತ್ತವೆ. ಮುಂದಿನ ದಿನಗಳ ಬಗ್ಗೆ ನಂಬಿಕೆ ಇರುವವರಿಗೆ ತಮ್ಮ ಬಗ್ಗೆಯೂ ಒಳ್ಳೆಯ ಭಾವನೆ ಇರುತ್ತದೆ. ತಮ್ಮ ಬಗ್ಗೆ ಕೀಳರಿಮೆ ಬೆಳೆಸಿಕೊಂಡವರಿಗೆ ನಾಳೆಯೂ ಮಬ್ಬಾಗಿಯೇ ಕಾಣುತ್ತದೆ. ಕಾಲೇಜು ವಿದ್ಯಾರ್ಥಿಗಳನ್ನು ಕುರಿತು ಬೇರೆ ಬೇರೆ ದೇಶಗಳಲ್ಲಿ ನಡೆದ ಅಧ್ಯಯನಗಳಲ್ಲಿ ಈ ಎರಡರ ಅಳತೆಗಳು ಜೊತೆಜೊತೆಯಾಗಿ ಏರಿಳಿಯುವುದು ಮತ್ತೆ ಮತ್ತೆ ಕಂಡುಬಂದಿದೆ. ಯಾವುದು ಯಾವುದನ್ನು ಎತ್ತಿ ಹಿಡಿಯುತ್ತದೆ ಎಂಬ ಪ್ರಶ್ನೆ ಮಾತ್ರ ಅಷ್ಟು ಸರಳವಲ್ಲ. ಬಳ್ಳಾರಿ ನಗರ, ಸಿರುಗುಪ್ಪ, ಕುರುಗೋಡಿನಂಥ ಕಡೆ ಈ ಪ್ರಶ್ನೆಗೆ ವಿಶೇಷ ತೂಕವಿದೆ. ಇಲ್ಲಿನ ಸರ್ಕಾರಿ ಪದವಿ ಕಾಲೇಜುಗಳ ಬೆಂಚುಗಳಲ್ಲಿ ಕುಳಿತ ಅನೇಕರು ತಮ್ಮ ಮನೆಯಲ್ಲಿ ಡಿಗ್ರಿಯ ಮೆಟ್ಟಿಲು ಹತ್ತಿದ ಮೊದಲಿಗರು. ಮುಂದೇನು ಎಂದು ಕೇಳಿದರೆ ಹೇಳಬಲ್ಲ ಅಣ್ಣನಾಗಲಿ ಚಿಕ್ಕಪ್ಪನಾಗಲಿ ಅವರಿಗಿಲ್ಲ. ಹೇಳುವವರಿಲ್ಲದ್ದರಿಂದ ಹುಟ್ಟಿದ ಕೊರತೆಯನ್ನು ಅವರು ತಮ್ಮ ಯೋಗ್ಯತೆಯ ಕೊರತೆ ಎಂದು ಓದಿಕೊಳ್ಳುತ್ತಾರೆ. ಭರವಸೆ ಮತ್ತು ಆತ್ಮಗೌರವದ ನಂಟಿನಲ್ಲಿ ಎಲ್ಲಕ್ಕಿಂತ ಮುಖ್ಯವಾದ, ಎಲ್ಲಕ್ಕಿಂತ ಕಡಿಮೆ ಗಮನ ಪಡೆದ ಎಡೆ ಇದೇ.

ಮನಶ್ಶಾಸ್ತ್ರದಲ್ಲಿ ಭರವಸೆಗೆ ಒಂದು ಖಚಿತ ಸ್ವರೂಪ ಕೊಟ್ಟವರು ಅಮೆರಿಕದ ಕ್ಯಾನ್ಸಸ್ ವಿಶ್ವವಿದ್ಯಾಲಯದ ಸಿ.ಆರ್. ಸ್ನೈಡರ್. 1991ರಲ್ಲಿ ಅವರೂ ಅವರ ಸಹೋದ್ಯೋಗಿಗಳೂ ಪ್ರಕಟಿಸಿದ ಸಿದ್ಧಾಂತದ ಪ್ರಕಾರ, ಎಲ್ಲ ಒಳ್ಳೆಯದಾಗುತ್ತದೆ ಎಂದು ಸುಮ್ಮನೆ ಅಂದುಕೊಳ್ಳುವುದು ಭರವಸೆಯಲ್ಲ. ಭರವಸೆಗೆ ಮೊದಲು ಒಂದು ಗುರಿ ಬೇಕು. ಆ ಗುರಿಯತ್ತ ಹೊರಡಬಲ್ಲೆ, ಹೊರಟ ಮೇಲೆ ನಿಲ್ಲದೆ ನಡೆಯಬಲ್ಲೆ ಎಂಬ ಛಲ ಬೇಕು. ಅಲ್ಲಿಗೆ ತಲುಪುವ ದಾರಿಗಳನ್ನು ಕಾಣುವ, ಒಂದು ದಾರಿ ಮುಚ್ಚಿದರೆ ಇನ್ನೊಂದನ್ನು ಹುಡುಕುವ ಬುದ್ಧಿಯೂ ಬೇಕು. ಛಲ ಮತ್ತು ದಾರಿ ಒಂದನ್ನೊಂದು ಬೆಳೆಸುತ್ತವೆ. ಸ್ನೈಡರ್ ರೂಪಿಸಿದ ಅಳತೆಪಟ್ಟಿಯಲ್ಲಿ 12 ಹೇಳಿಕೆಗಳಿವೆ: ನಾಲ್ಕು ಛಲವನ್ನು ಅಳೆಯುತ್ತವೆ, ನಾಲ್ಕು ದಾರಿ ಹುಡುಕುವ ಬಗೆಯನ್ನು ಅಳೆಯುತ್ತವೆ, ಉಳಿದ ನಾಲ್ಕು ಗಮನ ಬೇರೆಡೆ ಸೆಳೆಯಲು ಸೇರಿಸಿದವು. ತುಂಗಭದ್ರಾ ಅಣೆಕಟ್ಟಿನ ನೀರನ್ನು ನಂಬಿದ ಸೀಮೆಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಜಲಾಶಯ ತುಂಬಿದ್ದರೂ ಕಾಲುವೆಯ ಕೊನೆಯಂಚಿನ ಹೊಲಕ್ಕೆ ತೂಬು ಇಲ್ಲದಿದ್ದರೆ ಆ ನೀರು ಆ ರೈತನ ಪಾಲಿಗೆ ಇಲ್ಲದ ನೀರೇ. ಛಲ ತುಂಬಿದ ವಿದ್ಯಾರ್ಥಿಗೆ ದಾರಿ ತಿಳಿಯದಿದ್ದಾಗ ಆಗುವುದೂ ಹಾಗೆಯೇ.

ಆತ್ಮಗೌರವದ ಚರ್ಚೆ ಇನ್ನೂ ಹಳೆಯದು. 1890ರಲ್ಲಿ ವಿಲಿಯಂ ಜೇಮ್ಸ್ ಅದನ್ನು ಒಂದು ಲೆಕ್ಕದಂತೆ ಮುಂದಿಟ್ಟರು. ಮನುಷ್ಯ ಸಾಧಿಸಿದ್ದನ್ನು ಅವನು ಬಯಸಿದ್ದರಿಂದ ಭಾಗಿಸಿದರೆ ಬರುವುದೇ ಅವನ ಆತ್ಮಗೌರವ. ಬಯಕೆ ದೊಡ್ಡದಾಗಿ ಸಾಧನೆ ಸಣ್ಣದಾದರೆ ಮನುಷ್ಯ ತನ್ನ ಕಣ್ಣಲ್ಲೇ ಕುಗ್ಗುತ್ತಾನೆ. ಈ ಲೆಕ್ಕಕ್ಕೆ ಒಂದು ಅಪಾಯಕಾರಿ ಮುಖವಿದೆ. ಬಯಕೆಯನ್ನೇ ಕಿರಿದುಮಾಡಿಕೊಂಡರೆ ಆತ್ಮಗೌರವ ಉಳಿಯುತ್ತದೆ. "ನಮ್ಮಂಥವರಿಗೆ ಅವೆಲ್ಲ ಎಲ್ಲಿ ಬರ್ತವೆ ಬಿಡ್ರಿ" ಎನ್ನುವ ವಿದ್ಯಾರ್ಥಿ ತನ್ನನ್ನು ಕಾಪಾಡಿಕೊಳ್ಳುವ ಒಂದು ಉಪಾಯವನ್ನು ಕಂಡುಕೊಂಡಿದ್ದಾನೆ. ಸೋಲು ಬರುವ ಮೊದಲೇ ಕಣದಿಂದ ಹೊರಗೆ ನಿಂತರೆ ಸೋತಂತಾಗುವುದಿಲ್ಲ. ಅಧ್ಯಾಪಕರು ಇದನ್ನು ಸೋಮಾರಿತನ ಎಂದು ತಿಳಿಯುವುದುಂಟು. ಆ ಮಾತಿನ ಹಿಂದಿರುವುದು ಬಹಳ ಸಲ ಪೆಟ್ಟು ತಿಂದ ಮನಸ್ಸು.

1965ರಲ್ಲಿ ಸಮಾಜಶಾಸ್ತ್ರಜ್ಞ ಮಾರಿಸ್ ರೋಸೆನ್‌ಬರ್ಗ್ ನ್ಯೂಯಾರ್ಕ್ ರಾಜ್ಯದ ಹೈಸ್ಕೂಲುಗಳ ಐದು ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳನ್ನು ಅಧ್ಯಯನ ಮಾಡಿ ಬರೆದ ಪುಸ್ತಕದಲ್ಲಿ ಹತ್ತು ಹೇಳಿಕೆಗಳ ಒಂದು ಪುಟ್ಟ ಅಳತೆಪಟ್ಟಿ ಇತ್ತು. ಇಂದಿಗೂ ಜಗತ್ತಿನಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ಆತ್ಮಗೌರವದ ಅಳತೆ ಅದೇ. ಅರ್ಧ ಹೇಳಿಕೆಗಳು ತನ್ನ ಬಗ್ಗೆ ಮೆಚ್ಚುಗೆಯ ಧಾಟಿಯಲ್ಲಿವೆ, ಅರ್ಧ ನಿರಾಶೆಯ ಧಾಟಿಯಲ್ಲಿ. 2005ರಲ್ಲಿ 53 ದೇಶಗಳ ಸುಮಾರು 17,000 ಜನರ ಉತ್ತರಗಳನ್ನು ಹೋಲಿಸಿದ ಸಂಶೋಧಕರು ಒಂದು ತೊಡಕನ್ನು ಗಮನಿಸಿದರು. ನಿರಾಶೆಯ ಧಾಟಿಯ ಹೇಳಿಕೆಗಳನ್ನು ಎಲ್ಲ ದೇಶದವರೂ ಒಂದೇ ರೀತಿ ಅರ್ಥ ಮಾಡಿಕೊಳ್ಳುವುದಿಲ್ಲ. ತನ್ನನ್ನು ತಾನು ಹೊಗಳಿಕೊಳ್ಳಬಾರದು ಎಂದು ಬೆಳೆಸಿದ ಮನೆಯ ಹುಡುಗಿ ಕಡಿಮೆ ಅಂಕ ಪಡೆದರೆ ಅವಳಲ್ಲಿ ಆತ್ಮಗೌರವ ಇಲ್ಲ ಎಂದು ತೀರ್ಮಾನಿಸುವುದು ದುಡುಕು. ಅಮೆರಿಕದ ಪಟ್ಟಿಯನ್ನು ತಂದು ಬಳ್ಳಾರಿಯ ತರಗತಿಯಲ್ಲಿ ಹಂಚಿ ಬಂದ ಸಂಖ್ಯೆಯನ್ನೇ ಸತ್ಯ ಎನ್ನುವ ಯಾವ ಸಮೀಕ್ಷೆಯನ್ನೂ ಈ ಎಚ್ಚರದಿಂದಲೇ ಓದಬೇಕು.

ಯಾವುದು ಮೊದಲು?

ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ಆತ್ಮಗೌರವವೇ ಎಲ್ಲಕ್ಕೂ ಮದ್ದು ಎಂಬ ನಂಬಿಕೆ ಅಮೆರಿಕದ ಶಾಲೆಗಳಲ್ಲಿ ಬಲವಾಗಿತ್ತು. ಮಕ್ಕಳನ್ನು ಹೊಗಳಿದರೆ, ನೀವು ವಿಶೇಷ ಎಂದು ಹೇಳುತ್ತಿದ್ದರೆ ಅಂಕಗಳೂ ಏರುತ್ತವೆ ಎಂದು ಭಾವಿಸಲಾಗಿತ್ತು. 2003ರಲ್ಲಿ ರಾಯ್ ಬಾಮೈಸ್ಟರ್ ಮತ್ತು ಮೂವರು ಸಹೋದ್ಯೋಗಿಗಳು ಅಲ್ಲಿಯವರೆಗಿನ ಸಂಶೋಧನೆಗಳನ್ನೆಲ್ಲ ಸೋಸಿ ನೋಡಿದಾಗ ಈ ನಂಬಿಕೆಗೆ ಆಧಾರ ಸಿಗಲಿಲ್ಲ. ಚೆನ್ನಾಗಿ ಓದಿದವರಿಗೆ ಆತ್ಮಗೌರವ ಹೆಚ್ಚುತ್ತದೆ ಎನ್ನಲು ಅಷ್ಟಿಷ್ಟು ಪುರಾವೆ ಇತ್ತು. ಆತ್ಮಗೌರವ ಹೆಚ್ಚಿಸಿದ್ದರಿಂದಲೇ ಓದು ಸುಧಾರಿಸಿತು ಎನ್ನಲು ಇರಲಿಲ್ಲ. ಒಂದು ತಾಸಿನ ಪ್ರೇರಣಾ ಭಾಷಣಕ್ಕೆ ಊರೂರು ಕಾಲೇಜುಗಳು ಇಂದು ಖರ್ಚು ಮಾಡುತ್ತಿರುವ ಹಣ ಮತ್ತು ಸಮಯವನ್ನು ನೆನೆದರೆ ಈ ಫಲಿತಾಂಶವನ್ನು ನಮ್ಮಲ್ಲಿ ಇನ್ನೂ ಗಂಭೀರವಾಗಿ ಪರಿಗಣಿಸಿಲ್ಲ ಎನ್ನಬೇಕು.

ಭರವಸೆಯ ಕಥೆ ಬೇರೆ. ಸ್ನೈಡರ್ ತಂಡ 213 ಕಾಲೇಜು ವಿದ್ಯಾರ್ಥಿಗಳ ಭರವಸೆಯನ್ನು ಅವರು ಕಾಲೇಜಿಗೆ ಕಾಲಿಟ್ಟ ಹೊತ್ತಿನಲ್ಲೇ ಅಳೆದು ಆರು ವರ್ಷ ಅವರ ಓದಿನ ದಾಖಲೆಗಳನ್ನು ಗಮನಿಸಿತು. 2002ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ಹೆಚ್ಚು ಭರವಸೆಯಿದ್ದವರು ಹೆಚ್ಚು ಅಂಕ ಗಳಿಸಿದ್ದರು. ಪದವಿ ಮುಗಿಸಿದವರ ಪ್ರಮಾಣವೂ ಅವರಲ್ಲೇ ಹೆಚ್ಚಾಗಿತ್ತು. ಪ್ರವೇಶ ಪರೀಕ್ಷೆಯ ಅಂಕಗಳನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಈ ವ್ಯತ್ಯಾಸ ಉಳಿಯಿತು. ಎಂದರೆ ಪ್ರವೇಶ ಪರೀಕ್ಷೆಯಲ್ಲಿ ಸಮಾನರಾಗಿದ್ದವರಲ್ಲಿ ಹೆಚ್ಚು ಭರವಸೆಯಿದ್ದವರು ಮುಂದೆ ಹೋದರು.

ನಂಟಿನ ದಿಕ್ಕನ್ನು ಇನ್ನಷ್ಟು ಸ್ಪಷ್ಟಪಡಿಸಿದ್ದು ಪೋರ್ಚುಗಲ್‌ನ ಒಂದು ಪ್ರಯೋಗ. ಸುಸಾನಾ ಮಾರ್ಕೆಸ್, ಶೇನ್ ಲೋಪೆಜ್ ಮತ್ತು ಸಂಗಡಿಗರು ಶಾಲಾ ವಿದ್ಯಾರ್ಥಿಗಳಿಗೆ ಐದು ವಾರಗಳ ಒಂದು ಕಾರ್ಯಕ್ರಮ ನಡೆಸಿದರು. ಗುರಿಯನ್ನು ಸ್ಪಷ್ಟವಾಗಿ ಬರೆಯುವುದು, ಅದಕ್ಕೆ ಹಲವು ದಾರಿಗಳನ್ನು ಯೋಚಿಸುವುದು, ಅಡ್ಡಿ ಬಂದಾಗ ಏನು ಮಾಡಬೇಕೆಂದು ಮೊದಲೇ ತೀರ್ಮಾನಿಸುವುದು, ಇಷ್ಟೇ ಅದರ ತಿರುಳು. ಮಕ್ಕಳನ್ನು ಹೊಗಳುವ ಪಾಠ ಅದರಲ್ಲಿರಲಿಲ್ಲ. ಆದರೂ ಭರವಸೆಯ ಜೊತೆಗೆ ತಮ್ಮ ಬೆಲೆಯ ಬಗ್ಗೆ ಮಕ್ಕಳಿಗಿದ್ದ ಭಾವನೆಯೂ ಏರಿತು. ಒಂದೂವರೆ ವರ್ಷದ ನಂತರವೂ ಆ ಲಾಭ ಉಳಿದಿತ್ತು ಎಂದು 2011ರಲ್ಲಿ ಅವರು ವರದಿ ಮಾಡಿದರು. ಅಮೆರಿಕದಲ್ಲಿ ಡೇವಿಡ್ ಫೆಲ್ಡ್‌ಮನ್ ಮತ್ತು ಡಯೇನ್ ಡ್ರೆಹರ್ ಕಾಲೇಜು ವಿದ್ಯಾರ್ಥಿಗಳಿಗೆ 90 ನಿಮಿಷಗಳ ಒಂದೇ ಬೈಠಕ್ಕಿನಲ್ಲಿ ಇದೇ ಬಗೆಯ ಅಭ್ಯಾಸ ಮಾಡಿಸಿದಾಗ, ತಾವು ಹಾಕಿಕೊಂಡ ಗುರಿಯತ್ತ ಅವರು ತಿಂಗಳ ನಂತರ ಹೆಚ್ಚು ಮುಂದೆ ಸಾಗಿರುವುದು ಕಂಡಿತು.

ಇದು ಆಗುವ ಬಗೆಯನ್ನು ಆಲ್ಬರ್ಟ್ ಬಂಡೂರ 1977ರಷ್ಟು ಹಿಂದೆಯೇ ವಿವರಿಸಿದ್ದರು. ತನ್ನ ಕೈಲಾಗುತ್ತದೆ ಎಂಬ ನಂಬಿಕೆಗೆ ಅತಿ ಗಟ್ಟಿಯಾದ ಆಧಾರ ಸ್ವತಃ ಮಾಡಿ ಗೆದ್ದ ಅನುಭವ. ದಾರಿ ಗೊತ್ತಾದರೆ ವಿದ್ಯಾರ್ಥಿ ಒಂದು ಹೆಜ್ಜೆ ಇಡುತ್ತಾನೆ. ಆ ಹೆಜ್ಜೆ ಸಫಲವಾದರೆ ತನ್ನ ಬಗ್ಗೆ ಅವನಿಗಿರುವ ಅಭಿಪ್ರಾಯ ಸ್ವಲ್ಪ ಬದಲಾಗುತ್ತದೆ. ಬದಲಾದ ಅಭಿಪ್ರಾಯ ಮುಂದಿನ ಹೆಜ್ಜೆಗೆ ಧೈರ್ಯ ಕೊಡುತ್ತದೆ. ಹೀಗಾಗಿ ನಂಟು ಎರಡೂ ಕಡೆಯಿಂದ ನಡೆಯುತ್ತದೆ ಎನ್ನುವುದು ನಿಜ. ಆದರೆ ಹೊರಗಿನವರು ಕೈಹಾಕಿ ಸಹಾಯ ಮಾಡಬಹುದಾದ ತುದಿ ಯಾವುದು ಎಂದು ಕೇಳಿದರೆ, ಅದು ಭರವಸೆಯ ತುದಿ. ಅದರಲ್ಲೂ ದಾರಿಯ ಭಾಗ.

ಇದಕ್ಕೆ ಬಲ ಕೊಡುವ ಇನ್ನೊಂದು ತಿಳಿವಳಿಕೆ ಈಚಿನದು. 1967ರಲ್ಲಿ ಸ್ಟೀವನ್ ಮೇಯರ್ ಮತ್ತು ಮಾರ್ಟಿನ್ ಸೆಲಿಗ್‌ಮನ್, ಏನು ಮಾಡಿದರೂ ತಪ್ಪದ ಕಷ್ಟಕ್ಕೆ ಸಿಕ್ಕ ಪ್ರಾಣಿಗಳು ಅಸಹಾಯಕತೆಯನ್ನು ಕಲಿಯುತ್ತವೆ ಎಂದಿದ್ದರು. ಸುಮಾರು ಐವತ್ತು ವರ್ಷಗಳ ನಂತರ, 2016ರಲ್ಲಿ, ಮೆದುಳಿನ ಸಂಶೋಧನೆಯ ಆಧಾರದ ಮೇಲೆ ಅದೇ ಇಬ್ಬರು ತಮ್ಮ ಮಾತನ್ನು ತಿರುವು ಮುರುವು ಮಾಡಿದರು. ದೀರ್ಘ ಕಷ್ಟದ ಎದುರು ಕುಸಿದು ಕೂರುವುದು ಜೀವಿಯ ಸಹಜ ಪ್ರತಿಕ್ರಿಯೆ, ಅದನ್ನು ಯಾರೂ ಕಲಿಸಬೇಕಿಲ್ಲ. ಪರಿಸ್ಥಿತಿಯ ಮೇಲೆ ಹಿಡಿತ ಸಾಧ್ಯ ಎಂಬುದನ್ನೇ ಕಲಿಯಬೇಕಾಗುತ್ತದೆ. ಕೈಚೆಲ್ಲಿ ಕೂತ ವಿದ್ಯಾರ್ಥಿಯಲ್ಲಿ ದೋಷ ಹುಡುಕುವುದನ್ನು ಬಿಟ್ಟು, ಹಿಡಿತದ ಅನುಭವ ಅವನಿಗೆ ಎಲ್ಲಿ ಸಿಕ್ಕೀತು ಎಂದು ಹುಡುಕುವುದು ಸರಿಯಾದ ಕ್ರಮ ಎಂದು ಇದರಿಂದ ತಿಳಿಯುತ್ತದೆ.

ಸಿರುಗುಪ್ಪ, ಕುರುಗೋಡಿನ ತರಗತಿಗಳಲ್ಲಿ

ಬಳ್ಳಾರಿಗೆ ತನ್ನದೇ ವಿಶ್ವವಿದ್ಯಾಲಯ ಬಂದದ್ದು 2010ರಲ್ಲಿ. ಗುಲಬರ್ಗಾ ವಿಶ್ವವಿದ್ಯಾಲಯದಿಂದ ಬೇರ್ಪಟ್ಟು ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಅದಕ್ಕೂ ಬಹಳ ಮೊದಲೇ, 1945ರಲ್ಲಿ ಆರಂಭವಾದ ವೀರಶೈವ ಕಾಲೇಜು, ಆಮೇಲೆ ಸರಳಾದೇವಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜು, ಅಲ್ಲಂ ಸುಮಂಗಳಮ್ಮ ಮಹಿಳಾ ಕಾಲೇಜು ಮುಂತಾದವು ನಗರದಲ್ಲಿ ತಲೆಮಾರುಗಳನ್ನು ಓದಿಸಿದ್ದವು. ತಾಲ್ಲೂಕುಗಳಲ್ಲಿ ಸರ್ಕಾರಿ ಪದವಿ ಕಾಲೇಜುಗಳು ತೆರೆದ ಮೇಲೆ ಚಿತ್ರ ಬದಲಾಯಿತು. ಭತ್ತದ ಗದ್ದೆಗಳ, ಅಕ್ಕಿ ಗಿರಣಿಗಳ ಸಿರುಗುಪ್ಪ ಜಿಲ್ಲಾ ಕೇಂದ್ರದಿಂದ ಸುಮಾರು 55 ಕಿಲೋಮೀಟರ್. ದೊಡ್ಡಬಸವೇಶ್ವರನ ಕುರುಗೋಡು ಸುಮಾರು 30 ಕಿಲೋಮೀಟರ್. ಸಂಜೆಯ ಬಸ್ಸಿಗೆ ಮನೆ ಸೇರುವಷ್ಟು ಹತ್ತಿರದಲ್ಲಿ ಕಾಲೇಜು ಇದ್ದರೆ ಮಾತ್ರ ಕಳಿಸುತ್ತೇವೆ ಎನ್ನುವ ಮನೆಗಳ ಹೆಣ್ಣುಮಕ್ಕಳಿಗೆ ಇದರಿಂದ ದೊಡ್ಡ ಬಾಗಿಲು ತೆರೆಯಿತು. 2011ರ ಜನಗಣತಿಯಲ್ಲಿ ಅಂದಿನ ಅವಿಭಜಿತ ಬಳ್ಳಾರಿ ಜಿಲ್ಲೆಯ ಸಾಕ್ಷರತೆ ಶೇ 67ರಷ್ಟಿತ್ತು, ಹೆಣ್ಣುಮಕ್ಕಳಲ್ಲಿ ಶೇ 58ರಷ್ಟು. ಆ ಜನಗಣತಿಯ ಕಾಲದಲ್ಲಿ ಓದು ಬಾರದ ತಾಯಂದಿರ ಮಡಿಲಲ್ಲಿದ್ದ ಮಕ್ಕಳೇ ಈಗ ಡಿಗ್ರಿ ತರಗತಿಗಳಲ್ಲಿದ್ದಾರೆ.

ಈ ವಿದ್ಯಾರ್ಥಿಗಳಲ್ಲಿ ಛಲಕ್ಕೆ ಕೊರತೆ ಇಲ್ಲ. ಬೆಳಿಗ್ಗೆ ಮನೆಗೆಲಸ ಮುಗಿಸಿ ಬಸ್ಸು ಹಿಡಿಯುವವರು, ಮೆಣಸಿನಕಾಯಿ ಬಿಡಿಸುವ ಕಾಲದಲ್ಲಿ ಕೂಲಿಗೂ ಹೋಗಿ ಪರೀಕ್ಷೆಗೂ ಕೂರುವವರು, ಬಳ್ಳಾರಿಯ ಜೀನ್ಸ್ ಹೊಲಿಗೆ ಘಟಕಗಳಲ್ಲಿ ದುಡಿಯುವ ತಾಯಿಯ ಸಂಬಳದಲ್ಲಿ ಫೀಸು ಕಟ್ಟುವವರು ಛಲದ ಪಾಠವನ್ನು ಬೇರೆಯವರಿಂದ ಕೇಳಬೇಕಿಲ್ಲ. ಕೊರತೆ ಇರುವುದು ದಾರಿಯ ತಿಳಿವಳಿಕೆಯಲ್ಲಿ. ಬಿ.ಎ. ಆದಮೇಲೆ ಬಿ.ಇಡಿ. ಬಿಟ್ಟರೆ ಬೇರೆ ಏನಿದೆ? ಎಂ.ಎಸ್‌ಸಿ. ಓದಲು ಬೇರೆ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕುವುದು ಹೇಗೆ? ವಿದ್ಯಾರ್ಥಿವೇತನದ ಅರ್ಜಿ ತಿರಸ್ಕೃತವಾದರೆ ಅದು ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗದ ತೊಂದರೆಯೋ, ಆದಾಯ ಪ್ರಮಾಣಪತ್ರದ ಅವಧಿ ಮುಗಿದ ತೊಂದರೆಯೋ? ಹಿಂದುಳಿದ ವರ್ಗಗಳ (ಬಿಸಿಎಂ) ಹಾಸ್ಟೆಲ್ ಸಿಗದಿದ್ದರೆ ವಿದ್ಯಾಸಿರಿ ಧನಸಹಾಯಕ್ಕೆ ಅರ್ಜಿ ಹಾಕಬಹುದು ಎಂದು ಯಾರು ಹೇಳುತ್ತಾರೆ? ಓದಿದ ಮನೆಗಳಲ್ಲಿ ಊಟದ ಹೊತ್ತಿನ ಮಾತುಕತೆಯಲ್ಲೇ ಸಿಕ್ಕಿಬಿಡುವ ಉತ್ತರಗಳು ಇವು. ಇಲ್ಲಿ ಅವುಗಳಿಗಾಗಿ ಸೈಬರ್ ಸೆಂಟರಿನವನನ್ನು ನಂಬಬೇಕು.

ಮುಂಬಯಿಯಲ್ಲಿ ಹುಟ್ಟಿದ ಮಾನವಶಾಸ್ತ್ರಜ್ಞ ಅರ್ಜುನ್ ಅಪ್ಪಾದುರೈ 2004ರ ಒಂದು ಪ್ರಬಂಧದಲ್ಲಿ ಈ ವಿಷಯಕ್ಕೆ ಕೈಹಾಕಿದರು. ಬಡವರಿಗೆ ಕನಸುಗಳಿಲ್ಲ ಎನ್ನುವುದು ತಪ್ಪು ಎನ್ನುವ ಅವರು, ಕನಸಿನಿಂದ ಅದರ ಈಡೇರಿಕೆಗೆ ಹೋಗುವ ನಡುವಿನ ಮೆಟ್ಟಿಲುಗಳ ಅನುಭವ ಸಮಾಜದಲ್ಲಿ ಸಮನಾಗಿ ಹಂಚಿಹೋಗಿಲ್ಲ ಎಂದು ತೋರಿಸುತ್ತಾರೆ. ಉಳ್ಳವರು ಸಣ್ಣ ಪ್ರಯತ್ನಗಳನ್ನು ಹಲವು ಸಲ ಮಾಡಿ ನೋಡಬಲ್ಲರು. ಇಲ್ಲದವರಿಗೆ ಒಂದೇ ಪ್ರಯತ್ನಕ್ಕೆ ಅವಕಾಶ. ಸಿರುಗುಪ್ಪದ ವಿದ್ಯಾರ್ಥಿಯೊಬ್ಬ ದೂರದ ಊರಿನ ಪ್ರವೇಶ ಪರೀಕ್ಷೆಗೆ ಹೋಗಿಬರಲು ಸಾಲ ಮಾಡಿದರೆ, ಅವನು ಫೇಲಾಗಿ ಬಂದಾಗ ಮನೆಯಲ್ಲಿ ಚರ್ಚೆಯಾಗುವುದು ಆ ಸಾಲದ್ದು. ಮತ್ತೊಮ್ಮೆ ಕೂರುತ್ತೇನೆ ಎನ್ನಲು ಅವನಿಗೆ ಬಾಯಿ ಬರುವುದಿಲ್ಲ. ಒಂದು ಸಲದ ಸೋಲು ಅವನ ಯೋಗ್ಯತೆಯ ಬಗ್ಗೆ ಕೊನೆಯ ತೀರ್ಪಾಗಿ ಉಳಿದುಬಿಡುತ್ತದೆ.

ಸರ್ಕಾರ ತೆರೆದ ದಾರಿಯೂ ಹೀಗೆಯೇ ಅರ್ಧ ಮುಚ್ಚಿರುತ್ತದೆ. ಸಂವಿಧಾನದ 371ಜೆ ವಿಧಿ 2013ರಲ್ಲಿ ಜಾರಿಗೆ ಬಂದ ಮೇಲೆ ಬಳ್ಳಾರಿಯೂ ಸೇರಿದ ಕಲ್ಯಾಣ ಕರ್ನಾಟಕದ ವಿದ್ಯಾರ್ಥಿಗಳಿಗೆ ಶಿಕ್ಷಣದಲ್ಲೂ ಉದ್ಯೋಗದಲ್ಲೂ ಮೀಸಲಾತಿ ದೊರೆಯಿತು. ಈ ಭಾಗದ ಶಿಕ್ಷಣ ಸಂಸ್ಥೆಗಳಲ್ಲಿ ಶೇ 70ರಷ್ಟು ಸೀಟುಗಳು, ರಾಜ್ಯದ ಉಳಿದ ಕಡೆ ಶೇ 8ರಷ್ಟು ಸ್ಥಳೀಯರಿಗೆ. ಕಾಗದದ ಮೇಲೆ ಇದಕ್ಕಿಂತ ದೊಡ್ಡ ಭರವಸೆ ಈ ಸೀಮೆಗೆ ಸಿಕ್ಕಿಲ್ಲ. ಆದರೆ ಅರ್ಹತಾ ಪ್ರಮಾಣಪತ್ರ ಕೈಯಲ್ಲಿಲ್ಲದವರಿಗೆ ಆ ವಿಧಿ ಇದ್ದೂ ಇಲ್ಲದಂತೆ. ದ್ವಿತೀಯ ಪಿಯುಸಿಯಲ್ಲೇ ಆ ಪ್ರಮಾಣಪತ್ರ ಮಾಡಿಸಿ ಇಟ್ಟುಕೊಳ್ಳಲು ಒಬ್ಬ ಉಪನ್ಯಾಸಕರು ನೆನಪಿಸಿದರೆ, ಅವರು ಆ ತರಗತಿಯ ಭರವಸೆಗೆ ಮಾಡಿದ ಕೆಲಸ ಹತ್ತು ಭಾಷಣಗಳಿಗಿಂತ ದೊಡ್ಡದು.

ಭಾಷೆಯ ಪ್ರಶ್ನೆಯನ್ನು ಇಲ್ಲಿ ಬಿಡುವಂತಿಲ್ಲ. ಆಂಧ್ರದ ಗಡಿಗೆ ಹೊಂದಿದ ಸಿರುಗುಪ್ಪ ಸೀಮೆಯಲ್ಲಿ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಕಲಿತು ಎರಡನ್ನೂ ನೀರು ಕುಡಿದಂತೆ ಮಾತನಾಡುವ ಮಕ್ಕಳಿದ್ದಾರೆ. ಬಿ.ಎಸ್‌ಸಿ., ಬಿ.ಕಾಂ. ಅಥವಾ ನರ್ಸಿಂಗ್ ಸೇರಿದ ದಿನ ಪಾಠ ಇಂಗ್ಲಿಷಿಗೆ ತಿರುಗುತ್ತದೆ. ಎರಡು ಭಾಷೆ ಬಲ್ಲ ಹುಡುಗಿ ಮೂರನೆಯದು ಬಾರದ ಕಾರಣಕ್ಕೆ ತರಗತಿಯಲ್ಲಿ ಬಾಯಿ ಮುಚ್ಚುತ್ತಾಳೆ, ಮೊದಲ ಸೆಮಿಸ್ಟರಿನಲ್ಲಿ ಬ್ಯಾಕ್‌ಲಾಗ್ ಉಳಿಸಿಕೊಳ್ಳುತ್ತಾಳೆ, ತಾನು ದಡ್ಡಿ ಎಂದು ತೀರ್ಮಾನಿಸುತ್ತಾಳೆ. ಹತ್ತನೆಯ ತರಗತಿಯಲ್ಲಿ ಶಾಲೆಗೇ ಮೊದಲು ಬಂದವಳಿಗೂ ಹೀಗಾಗಬಹುದು. ಅವಳಿಗೆ ಆಗಬೇಕಾದದ್ದು ಮೊದಲ ಕೆಲವು ತಿಂಗಳು ಪಾರಿಭಾಷಿಕ ಪದಗಳನ್ನು ಕನ್ನಡದಲ್ಲಿ ಬಿಡಿಸಿ ಹೇಳುವ ಒಂದು ಸೇತು ತರಗತಿ. ಅದು ಸಿಗದಿದ್ದಾಗ ವ್ಯವಸ್ಥೆಯ ಕೊರತೆಯ ಭಾರವನ್ನು ಒಬ್ಬ ಹದಿನೆಂಟು ವರ್ಷದ ಹುಡುಗಿ ಒಬ್ಬಳೇ ಹೊರುತ್ತಾಳೆ.

ಇನ್ನೊಬ್ಬರ ಕಣ್ಣು

ಆತ್ಮಗೌರವ ಒಳಗಿನದಾದರೂ ಅದಕ್ಕೆ ಹೊರಗಿನ ಕಣ್ಣುಗಳ ಪೆಟ್ಟು ಬೀಳುತ್ತದೆ. ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಉತ್ತರ ಪ್ರದೇಶದ ಹಳ್ಳಿಗಳ ಶಾಲಾ ಬಾಲಕರಿಗೆ ಕಾಗದದ ಮೇಲಿನ ಚಕ್ರವ್ಯೂಹದ ಒಗಟುಗಳನ್ನು ಬಿಡಿಸಲು ಕೊಟ್ಟರು. ಜಾತಿಯನ್ನು ಹೇಳದೆ ಇದ್ದಾಗ ಮೇಲ್ಜಾತಿಯ ಮತ್ತು ಕೆಳಜಾತಿಯ ಬಾಲಕರು ಸರಿಸಮನಾಗಿ ಬಿಡಿಸಿದರು. ಎಲ್ಲರ ಎದುರು ಒಬ್ಬೊಬ್ಬರ ಹೆಸರು, ಜಾತಿ ಹೇಳಿದ ಮೇಲೆ ಕೆಳಜಾತಿಯ ಬಾಲಕರ ಸಾಧನೆ ಎದ್ದು ಕಾಣುವಷ್ಟು ಕುಸಿಯಿತು. ಕೆಲವೇ ನಿಮಿಷಗಳಲ್ಲಿ ಅವರ ಬುದ್ಧಿ ಬದಲಾಗಿರಲಿಲ್ಲ. ತಮಗೆ ನ್ಯಾಯ ಸಿಗುತ್ತದೆ ಎಂಬ ನಿರೀಕ್ಷೆ ಬದಲಾಗಿತ್ತು. ವಿದ್ಯಾರ್ಥಿವೇತನದ ಪಟ್ಟಿಯನ್ನು ತರಗತಿಯಲ್ಲಿ ಜಾತಿವಾರು ಗಟ್ಟಿಯಾಗಿ ಓದುವ ರೂಢಿ ಎಲ್ಲಿದ್ದರೂ ಅದನ್ನು ನಿಲ್ಲಿಸಲು ಈ ಒಂದು ಪ್ರಯೋಗ ಸಾಕು.

ಒಳ್ಳೆಯ ಕಣ್ಣಿನ ಪ್ರಭಾವವೂ ಅಷ್ಟೇ ನಿಜ. ಪಶ್ಚಿಮ ಬಂಗಾಳದಲ್ಲಿ ಗ್ರಾಮ ಪಂಚಾಯಿತಿ ಅಧ್ಯಕ್ಷ ಸ್ಥಾನವನ್ನು ಸರದಿಯಂತೆ ಮಹಿಳೆಯರಿಗೆ ಮೀಸಲಿಟ್ಟಿದ್ದರಿಂದ ಏನಾಯಿತೆಂದು ಲೋರಿ ಬೀಮನ್, ಎಸ್ತರ್ ಡುಫ್ಲೋ, ರೋಹಿಣಿ ಪಾಂಡೆ, ಪೆಟಿಯಾ ಟೋಪಲೋವಾ 495 ಹಳ್ಳಿಗಳಲ್ಲಿ ಪರಿಶೀಲಿಸಿದರು. 2012ರಲ್ಲಿ ಬಂದ ಅವರ ವರದಿಯ ಪ್ರಕಾರ, ಎರಡು ಅವಧಿಗೆ ಮಹಿಳೆ ಅಧ್ಯಕ್ಷೆಯಾಗಿದ್ದ ಹಳ್ಳಿಗಳಲ್ಲಿ ಹೆಣ್ಣುಮಕ್ಕಳ ಭವಿಷ್ಯದ ಬಗ್ಗೆ ತಂದೆ ತಾಯಿಯರ ಆಸೆಯೂ ಹುಡುಗಿಯರ ಸ್ವಂತ ಆಸೆಯೂ ಏರಿದ್ದವು. ಓದಿನಲ್ಲಿ ಹುಡುಗ ಹುಡುಗಿಯರ ನಡುವಿನ ಅಂತರ ಅಳಿಸಿಹೋಗಿತ್ತು. ತಮ್ಮಂಥವರೇ ಒಬ್ಬರು ಕುರ್ಚಿಯಲ್ಲಿ ಕೂತದ್ದನ್ನು ಕಣ್ಣಾರೆ ಕಂಡದ್ದು ಇದಕ್ಕೆ ಕಾರಣ. ಕುರುಗೋಡಿನಿಂದ ಓದಿ ಹೋಗಿ ಪ್ರಯೋಗಾಲಯದಲ್ಲೋ ಬ್ಯಾಂಕಿನಲ್ಲೋ ಕೆಲಸ ಮಾಡುತ್ತಿರುವ ಹಳೆಯ ವಿದ್ಯಾರ್ಥಿನಿ ತನ್ನ ಕಾಲೇಜಿಗೆ ಬಂದು, ಎಲ್ಲಿ ಅರ್ಜಿ ಹಾಕಿದೆ, ಎಷ್ಟು ಸಲ ಫೇಲಾದೆ, ಬೆಂಗಳೂರಿನಲ್ಲಿ ಮೊದಲ ತಿಂಗಳು ಹೇಗೆ ಕಳೆದೆ ಎಂದು ಹೇಳಿದರೆ ಅದು ಬೇರೆ ಊರಿನ ಪ್ರಸಿದ್ಧ ಭಾಷಣಕಾರರಿಂದ ಆಗದ ಕೆಲಸ. ಗ್ರೆಗರಿ ವಾಲ್ಟನ್ ಮತ್ತು ಜೆಫ್ರಿ ಕೋಹೆನ್ 2011ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಹೇಳುತ್ತದೆ. ಆರಂಭದ ದಿನಗಳಲ್ಲಿ ಎಲ್ಲರಿಗೂ ಪರಕೀಯ ಭಾವ ಕಾಡುತ್ತದೆ, ಕಾಲ ಕಳೆದಂತೆ ಅದು ಕರಗುತ್ತದೆ ಎಂಬ ಹಿರಿಯ ವಿದ್ಯಾರ್ಥಿಗಳ ಅನುಭವವನ್ನು ಸುಮಾರು ಒಂದು ತಾಸು ಓದಿ ಅದರ ಬಗ್ಗೆ ಬರೆದ ಕಪ್ಪುವರ್ಣೀಯ ವಿದ್ಯಾರ್ಥಿಗಳ ಅಂಕಗಳು ಮುಂದಿನ ಮೂರು ವರ್ಷ ಉತ್ತಮವಾದವು.

ಒಂದೇ ಬಾಗಿಲಿನ ಭರವಸೆ

ಭರವಸೆ ಹೆಚ್ಚಿದ್ದರೆ ಸಾಕು ಎನ್ನುವಂತೆಯೂ ಇಲ್ಲ. ಎಲ್ಲವನ್ನೂ ಒಂದೇ ಗುರಿಗೆ ಕಟ್ಟಿದ ಭರವಸೆ ಆತ್ಮಗೌರವವನ್ನು ಅಪಾಯಕ್ಕೆ ಒಡ್ಡುತ್ತದೆ. ಜೆನಿಫರ್ ಕ್ರಾಕರ್ ಮತ್ತು ಸಂಗಡಿಗರು ಉನ್ನತ ವ್ಯಾಸಂಗಕ್ಕೆ ಅರ್ಜಿ ಹಾಕಿದ ಪದವಿ ವಿದ್ಯಾರ್ಥಿಗಳ ಮನಸ್ಥಿತಿಯನ್ನು ದಾಖಲಿಸುತ್ತ ಹೋದರು. ಓದಿನ ಯಶಸ್ಸನ್ನೇ ತಮ್ಮ ಬೆಲೆಯೆಂದು ತಿಳಿದವರ ಆತ್ಮಗೌರವ ಪ್ರವೇಶ ಸಿಕ್ಕ ದಿನ ಏರಿ, ನಿರಾಕರಣೆ ಬಂದ ದಿನ ಕುಸಿಯುತ್ತಿತ್ತು. ತಮ್ಮ ಬೆಲೆಯನ್ನು ಬೇರೆ ನೆಲೆಗಳಲ್ಲೂ ಕಂಡವರಲ್ಲಿ ಅಷ್ಟು ಏರುಪೇರು ಇರಲಿಲ್ಲ.

ಬಳ್ಳಾರಿ ಸೀಮೆಯಲ್ಲಿ ಈ ಒಂದೇ ಬಾಗಿಲು ಸರ್ಕಾರಿ ನೌಕರಿ. ಪಿಎಸ್‌ಐ, ಪಿಡಿಒ, ಎಫ್‌ಡಿಎ ಎಂಬ ಹೆಸರುಗಳು ಹಳ್ಳಿಯ ಗ್ರಂಥಾಲಯಗಳಲ್ಲಿ, ಬಾಡಿಗೆ ಕೋಣೆಗಳಲ್ಲಿ ಜಪದಂತೆ ಕೇಳುತ್ತವೆ. 2021ರಲ್ಲಿ ನಡೆದ 545 ಪಿಎಸ್‌ಐ ಹುದ್ದೆಗಳ ಪರೀಕ್ಷೆಯ ಅಕ್ರಮ ಬಯಲಾಗಿ 2022ರ ಏಪ್ರಿಲ್‌ನಲ್ಲಿ ನೇಮಕಾತಿಯೇ ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ನ್ಯಾಯವಾಗಿ ಓದಿ ಬರೆದ ಸಾವಿರಾರು ಯುವಕ ಯುವತಿಯರ ಪಾಲಿಗೆ ಆ ಎರಡು ವರ್ಷಗಳು ಬರಿಯ ಕಾಯುವಿಕೆಯಾಗಿರಲಿಲ್ಲ. ಮದುವೆಯ ಮಾತು, ನೆಂಟರ ಪ್ರಶ್ನೆ, ಮೀರುತ್ತಿದ್ದ ವಯೋಮಿತಿ ದಿನದಿನವೂ ಅವರ ಬೆಲೆಯನ್ನು ತೂಗುತ್ತಿದ್ದವು. ಇಂಥ ಸಂದರ್ಭದಲ್ಲಿ ಭರವಸೆಯನ್ನು ಕಳೆದುಕೊಂಡವರಿಗೆ ಧೈರ್ಯ ಹೇಳುವ ಮೊದಲು ಪರೀಕ್ಷೆಯನ್ನು ಶುದ್ಧವಾಗಿ, ಹೇಳಿದ ಕಾಲಕ್ಕೆ ನಡೆಸುವುದು ಸರ್ಕಾರದ ಹೊಣೆ. ಮನಸ್ಸಿನ ಭರವಸೆಗೆ ಹೊರಗಿನ ವ್ಯವಸ್ಥೆಯ ಪ್ರಾಮಾಣಿಕತೆಯೂ ಬೇಕು. ಈ ಮಾತನ್ನು ಮನಶ್ಶಾಸ್ತ್ರದ ಪುಸ್ತಕಗಳು ಸಾಕಷ್ಟು ಒತ್ತಿ ಹೇಳುವುದಿಲ್ಲ.

ವಿದ್ಯಾರ್ಥಿಯ ಕೈಯಲ್ಲಿರುವುದು ಗುರಿಯ ಪಕ್ಕದಲ್ಲಿ ಎರಡನೆಯ, ಮೂರನೆಯ ದಾರಿಯನ್ನು ಇಟ್ಟುಕೊಳ್ಳುವುದು. ಸ್ನೈಡರ್ ಅವರ ಪ್ರಕಾರ ಹೆಚ್ಚು ಭರವಸೆಯುಳ್ಳವರ ಗುರುತೇ ಅದು. ಅವರು ಅಡ್ಡಿ ಬಂದಾಗ ಗುರಿಯನ್ನು ಬಿಡದೆ ದಾರಿಯನ್ನು ಬದಲಿಸುತ್ತಾರೆ. ಗುರಿಯೇ ಅಸಾಧ್ಯವೆಂದು ಖಚಿತವಾದರೆ ಅದನ್ನು ಬಿಟ್ಟು ಬೇರೆ ಗುರಿ ಹಿಡಿಯಲೂ ಹಿಂಜರಿಯುವುದಿಲ್ಲ. ಎಫ್‌ಡಿಎಗೆ ಓದುತ್ತಲೇ ಕಂಪ್ಯೂಟರ್ ಲೆಕ್ಕಪತ್ರದ ತರಬೇತಿ ಪಡೆದು ಅಕ್ಕಿ ಗಿರಣಿಯ ಕಚೇರಿಯಲ್ಲಿ ಅರ್ಧ ದಿನ ಕೆಲಸ ಮಾಡುವವರ ಕೈಯಲ್ಲಿ ಮಾಡಿ ತೋರಿಸಿದ ಒಂದು ಕೆಲಸ ಇರುತ್ತದೆ. ಪರೀಕ್ಷೆ ಮುಂದಕ್ಕೆ ಹೋದರೂ ಅವರ ಬೆಲೆ ಮುಂದಕ್ಕೆ ಹೋಗುವುದಿಲ್ಲ.

ಬಳ್ಳಾರಿಯ ಹೆಸರು ಮಾನಸಿಕ ಆರೋಗ್ಯದ ಇತಿಹಾಸದಲ್ಲಿ

ಈ ಜಿಲ್ಲೆಗೆ ಮನಸ್ಸಿನ ಆರೈಕೆಯ ವಿಷಯದಲ್ಲಿ ದೇಶಕ್ಕೇ ದಾರಿ ತೋರಿದ ಚರಿತ್ರೆ ಇದೆ. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ರೂಪುಗೊಂಡ ಮೇಲೆ ಅದನ್ನು ಒಂದು ಇಡೀ ಜಿಲ್ಲೆಯಲ್ಲಿ ನಡೆಸಿ ನೋಡಲು ಬೆಂಗಳೂರಿನ ನಿಮ್ಹಾನ್ಸ್ ಆರಿಸಿಕೊಂಡದ್ದು ಬಳ್ಳಾರಿಯನ್ನು. ಎಂಬತ್ತರ ದಶಕದ ನಡುವಿನಿಂದ ಕೆಲವು ವರ್ಷ, ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಮಾನಸಿಕ ಕಾಯಿಲೆಗಳನ್ನು ಗುರುತಿಸುವ, ಚಿಕಿತ್ಸೆ ಕೊಡುವ ತರಬೇತಿ ನೀಡಲಾಯಿತು. ದೂರದ ದೊಡ್ಡಾಸ್ಪತ್ರೆಗೆ ಹೋಗಬೇಕಿದ್ದವರಿಗೆ ಊರ ಹತ್ತಿರವೇ ಔಷಧ ಸಿಗತೊಡಗಿತು. ತಜ್ಞರ ನಡುವೆ 'ಬಳ್ಳಾರಿ ಮಾದರಿ' ಎಂದೇ ಹೆಸರಾದ ಈ ಪ್ರಯೋಗದ ಮೇಲೆಯೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶದಲ್ಲಿ ಆರಂಭವಾಯಿತು. ಹನ್ನೊಂದನೆಯ ಪಂಚವಾರ್ಷಿಕ ಯೋಜನೆಯ ಕಾಲದಲ್ಲಿ ಅದಕ್ಕೆ ಶಾಲೆಗಳಲ್ಲಿ ಜೀವನ ಕೌಶಲ ಶಿಕ್ಷಣ ಮತ್ತು ಕಾಲೇಜುಗಳಲ್ಲಿ ಆಪ್ತಸಮಾಲೋಚನೆಯೂ ಸೇರಿತು. ರಾಜ್ಯದ ಯುವಜನ ಸಬಲೀಕರಣ ಇಲಾಖೆ ನಿಮ್ಹಾನ್ಸ್ ಜೊತೆ ನಡೆಸುವ 'ಯುವ ಸ್ಪಂದನ' ಯುವಜನರಿಗೆ ಓದು, ಸಂಬಂಧ, ಭವಿಷ್ಯದ ಗೊಂದಲಗಳ ಬಗ್ಗೆ ಸಲಹೆ ಕೊಡುತ್ತದೆ. ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳು ಅರ್ಹ ಆಪ್ತಸಮಾಲೋಚಕರನ್ನು ಹೊಂದಿರಬೇಕೆಂದು ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ನೀಡಿದ ಮಾರ್ಗಸೂಚಿಯಲ್ಲಿ ಹೇಳಿದೆ. ಅತಿಥಿ ಉಪನ್ಯಾಸಕರ ಮೇಲೆ ಬಹುಪಾಲು ನಿಂತಿರುವ ತಾಲ್ಲೂಕು ಕಾಲೇಜುಗಳಲ್ಲಿ ಇದು ಹೆಸರಿಗೊಂದು ಹೆಚ್ಚುವರಿ ಜವಾಬ್ದಾರಿಯಾಗಿ ಉಳಿಯದಂತೆ ನೋಡಿಕೊಳ್ಳಬೇಕಿದೆ.

ಭರವಸೆ ಕುಂದುವುದಕ್ಕೂ ಪೂರಾ ಬತ್ತಿಹೋಗುವುದಕ್ಕೂ ವ್ಯತ್ಯಾಸವಿದೆ. ಆರನ್ ಬೆಕ್ 1974ರಲ್ಲಿ ನಿರಾಶೆಯನ್ನು ಅಳೆಯುವ 20 ಹೇಳಿಕೆಗಳ ಪಟ್ಟಿ ರಚಿಸಿದರು. ಆಸ್ಪತ್ರೆಗೆ ದಾಖಲಾದ ರೋಗಿಗಳನ್ನು ಹತ್ತು ವರ್ಷ ಗಮನಿಸಿದ ಅವರ ಅಧ್ಯಯನದಲ್ಲಿ, ಆತ್ಮಹತ್ಯೆಯ ಅಪಾಯವನ್ನು ಖಿನ್ನತೆಯ ಅಳತೆಗಿಂತ ನಿರಾಶೆಯ ಅಳತೆ ಚೆನ್ನಾಗಿ ಸೂಚಿಸಿತು. ಹಾಸ್ಟೆಲ್ ಕೋಣೆಯಿಂದ ಹೊರಬರದಿರುವುದು, ಊಟ ನಿದ್ದೆ ಕೆಡುವುದು, ಪರೀಕ್ಷೆ ಕಟ್ಟದೆ ಬಿಡುವುದು, ಪ್ರೀತಿಯ ವಸ್ತುಗಳನ್ನು ಗೆಳೆಯರಿಗೆ ಕೊಟ್ಟುಬಿಡುವುದು, ತಾನು ಮನೆಗೆ ಭಾರ ಎಂಬ ಮಾತು ಪದೇ ಪದೇ ಬರುವುದು ಕಂಡರೆ ಉಪದೇಶ ಮಾಡುತ್ತ ಕೂರಬಾರದು. ಗೆಳೆಯರು ಜೊತೆಗಿದ್ದು ನೇರವಾಗಿ ಕೇಳಬೇಕು. ಸಾಯುವ ಯೋಚನೆ ಬರುತ್ತಿದೆಯೇ ಎಂದು ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ, ಹೇಳಿಕೊಳ್ಳಲು ಬಾಗಿಲು ತೆರೆಯುತ್ತದೆ. ಆಮೇಲೆ ವೈದ್ಯರ ಬಳಿ ಕರೆದೊಯ್ಯಬೇಕು. ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ಮನೋವೈದ್ಯಕೀಯ ವಿಭಾಗವಿದೆ. 2022ರ ಅಕ್ಟೋಬರ್ 10ರಂದು ಆರಂಭವಾದ, ನಿಮ್ಹಾನ್ಸ್ ಮುಖ್ಯ ಕೇಂದ್ರವಾಗಿರುವ ಟೆಲಿ-ಮಾನಸ್ ಸಹಾಯವಾಣಿಗೆ 14416 ಸಂಖ್ಯೆಯಲ್ಲಿ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.